ಬಸ್ಸಿನಲ್ಲಿ ಎದ್ದು ನಿಂತ ಕುರೊತಾನಿ

ಅಲ್ ಖೋರ್, ಕತಾರ್
6 ಡಿಸೆಂಬರ್ 2024, ಶುಕ್ರವಾರ

ಪ್ರೀತಿಯ ಟೋನಿ ಅಣ್ಣಾ,

ಹೇಗಿದ್ದೀ? ಆಪರೇಷನ್ ಆದ ಗಂಟಲಿನ ತೂತಿನ ಸುತ್ತ ಚರ್ಮ ಕೆಂಪಾಗಿ ಉರಿಯುತ್ತಿದೆ ಎಂದು ಅತ್ತಿಗೆ ಹೋದ ವಾರ ಹೇಳಿದ್ದರು, ಈಗ ಕಡಿಮೆಯಾಯಿತೇ? ಡಾಕ್ಟರು ಹೇಳಿದ ತೆಳು ಬಟ್ಟೆ ಕಟ್ಟಿಕೊಳ್ಳದೆ ಧೂಳಿನಲ್ಲಿ ಓಡಾಡಬೇಡ. ಬೆಳಗಿನ ಗಂಜಿ ಸರಿಯಾಗಿ ಉಣ್ಣುತ್ತೀಯಂತೆ, ಅದು ಸಂತೋಷ. ಆದರೆ ಚರ್ಚಿಗೆ ಹೋಗುವುದನ್ನೂ ಬಿಟ್ಟಿದ್ದೀ, ಯಾರಾದರೂ ನೋಡಲು ಬಂದರೆ ಒಳಕೋಣೆ ಸೇರಿಕೊಳ್ಳುತ್ತೀ ಎಂದೂ ಕೇಳಿದೆ. ಅತ್ತಿಗೆಯ ಮೇಲೆ ಸಿಟ್ಟಾಗಬೇಡ, ನಾನೇ ಒತ್ತಾಯ ಮಾಡಿ ಬಾಯಿ ಬಿಡಿಸಿದ್ದು. ಇಲ್ಲಿ ನಾವೆಲ್ಲ ಕ್ಷೇಮ. ಆಂಟನಿಯ ಮಂಡಿನೋವು ಹಾಗೇ ಇದೆ, ಆದರೂ ಶುಕ್ರವಾರದ ಪೂಜೆಗೆ ದೋಹಾಕ್ಕೆ ಕಾರು ಬಿಡಲು ಮಾತ್ರ ಅವರಿಗೆ ಯಾವ ನೋವೂ ಇಲ್ಲ. ಶರಲ್ ಹನ್ನೊಂದನೆಯ ತರಗತಿ. "ಮಾಮನಿಗೆ ನಾನೇ ಕನ್ನಡದಲ್ಲಿ ಬರೀತೇನೆ" ಎಂದು ಜಂಬದಿಂದ ಕೂತವಳು, ನಿನ್ನ ಹೆಸರಿನ ದೀರ್ಘ ಎಲ್ಲಿ ಬರುತ್ತದೆ ಎಂದು ತಿಳಿಯದೆ ಪೆನ್ನನ್ನು ನನ್ನ ಕೈಗೆ ಕೊಟ್ಟು ಎದ್ದುಹೋದಳು.

ಈ ಕಾಲದಲ್ಲಿ ಇಷ್ಟುದ್ದ ಕಾಗದ ಯಾಕೆ ಎಂದು ನೀನು ಹುಬ್ಬು ಏರಿಸಿರಬಹುದು. ಫೋನು ಮಾಡಿದರೆ ಅತ್ತಿಗೆ ಕೇಳಿಸಿಕೊಂಡು ನಿನಗೆ ಹೇಳುತ್ತಾರೆ, ಹೇಳುವಾಗ ಅರ್ಧ ಬಿಟ್ಟುಹೋಗುತ್ತದೆ. ಈ ಸುದ್ದಿ ಅರ್ಧವಾಗುವುದು ನನಗೆ ಬೇಡ. ಅದೂ ಅಲ್ಲದೆ ನೀನು ನಾಟಕದವನು. ಕಾಗದವನ್ನು ಮನಸ್ಸಿನಲ್ಲೇ ಓದಿಕೊಳ್ಳುವಾಗ ಒಳಗೆ ಕೇಳುವುದು ನಿನ್ನದೇ ದನಿ, ಅದನ್ನು ಯಾವ ಆಪರೇಷನ್ನೂ ತೆಗೆದುಹಾಕಿಲ್ಲ. ಮನೆಯಲ್ಲಿ ನಾವು ಆಡುವುದು ಕೊಂಕಣಿಯಾದರೂ ಬರೆಯಲು ಕೂತರೆ ಇಬ್ಬರಿಗೂ ಕೈ ಓಡುವುದು ಕನ್ನಡದಲ್ಲೇ. ಆಂಟನಿಯ ಆಫೀಸಿನ ಝಕರಿಯಾ ಇವತ್ತು ಸಂಜೆಯ ವಿಮಾನಕ್ಕೆ ಊರಿಗೆ ಹೊರಡುತ್ತಿದ್ದಾನೆ. ಮಧ್ಯಾಹ್ನ ಬಂದು ಕಾಗದವನ್ನೂ ಖರ್ಜೂರದ ಡಬ್ಬಿಯನ್ನೂ ತೆಗೆದುಕೊಂಡು ಹೋಗುತ್ತಾನೆ. ಅಷ್ಟರೊಳಗೆ ಬರೆದು ಮುಗಿಸಬೇಕು.

ಸುದ್ದಿ ಇಷ್ಟು. ನಿನ್ನೆ ಸಂಜೆ ದೋಹಾದಲ್ಲಿ ಒಂದು ಜಪಾನೀ ಚಿತ್ರದ ಪ್ರದರ್ಶನವಾಯಿತು. ಚಿತ್ರ ಮುಗಿದಾಗ ಇಡೀ ಸಭಾಂಗಣ ಎದ್ದು ನಿಂತಿತು, ಚಪ್ಪಾಳೆ ನಿಲ್ಲಲೇ ಇಲ್ಲ. ಆ ಚಿತ್ರವನ್ನು ತೆಗೆದವರು, ಅದರಲ್ಲಿ ಮುಖ್ಯ ಪಾತ್ರ ಮಾಡಿದವರು ಇಬ್ಬರೂ ಒಬ್ಬರೇ: ಇಸಾಮು ಕುರೊತಾನಿ. ವಯಸ್ಸು ಎಪ್ಪತ್ತೆಂಟು. ಪರದೆಯ ಮೇಲೆ ಕೊನೆಗೆ ಹೆಸರುಗಳು ಓಡುವಾಗ ಒಂದು ಕಡೆ ನಿನ್ನ ತಂಗಿಯ ಹೆಸರೂ ಇತ್ತು. ಶರಲ್ ಅದನ್ನು ಫೋಟೋ ತೆಗೆಯಹೋಗಿ ಮುಂದಿನವರ ತಲೆಯನ್ನು ತೆಗೆದಳು.

ನಾನು ರಾಸ್ ಲಫ್ಫಾನ್‌ನ ಜಪಾನೀ ಕಂಪನಿಗೆ ಟೈಪಿಸ್ಟ್ ಆಗಿ ಸೇರಿದ್ದು, ಅಲ್ಲಿಯೇ ಜಪಾನೀ ಭಾಷೆ ಕಲಿತದ್ದು, ಈಗ ಮೀಟಿಂಗುಗಳಲ್ಲಿ ದುಭಾಷಿಯಾಗಿ ಕೂರುವುದು ಎಲ್ಲ ನಿನಗೆ ಗೊತ್ತು. ಹೋದ ಜನವರಿಯಲ್ಲಿ ಮ್ಯಾನೇಜರರು ಕರೆದು, "ಸ್ಟೆಲ್ಲಾ, ನಮ್ಮ ಕಂಪನಿಯ ಬಸ್ಸಿನಲ್ಲಿ ಒಂದು ಸಿನಿಮಾ ತೆಗೆಯುತ್ತಾರಂತೆ, ಆರು ವಾರ ಅವರ ಜೊತೆ ಇರು" ಎಂದರು. ನಾನು ಹೆದರಿದೆ. ಪೈಪು, ವಾಲ್ವು, ಸುರಕ್ಷತೆಯ ನಿಯಮಗಳನ್ನು ಅನುವಾದ ಮಾಡಿ ಗೊತ್ತೇ ಹೊರತು ಕಲಾವಿದರ ಮಾತು ನನಗೆ ಬರುವುದಿಲ್ಲ ಎಂದೆ. ಅವರು ಕೇಳಲಿಲ್ಲ. ಮರುದಿನ ಅಲ್ ಖೋರಿನ ಗೆಸ್ಟ್ ಹೌಸಿಗೆ ಹೋದರೆ ಅಲ್ಲಿ ಒಬ್ಬ ಸಣಕಲು ಮುದುಕರು, ಎಡಗೈಯಲ್ಲಿ ಕೋಲು, ಬಲಗೈ ಎದೆಗೆ ಒತ್ತಿಕೊಂಡಂತೆ ಮಡಚಿದೆ. ಬಾಯಿ ಒಂದು ಪಕ್ಕಕ್ಕೆ ಎಳೆದಿದೆ. ಏನೋ ಹೇಳಿದರು. ಅವರ ಪ್ರೊಡಕ್ಷನ್ ಮ್ಯಾನೇಜರ್, ಮಿದೋರಿ ಎಂಬ ಹುಡುಗಿ, "ಇನ್ನೊಮ್ಮೆ ಹೇಳಿ" ಎಂದಳು. ಅವರು ಇನ್ನೊಮ್ಮೆ ಹೇಳಿದರು, ಅವಳಿಗೆ ಆಗಲೂ ತಿಳಿಯಲಿಲ್ಲ. ನನಗೆ ಮೊದಲ ಸಲವೇ ತಿಳಿದಿತ್ತು. "ಈಕೆಗೆ ಕುರ್ಚಿ ಕೊಡಿ, ನಿಂತೇ ಇದ್ದಾರೆ" ಎಂದಿದ್ದರು. ಪಾರ್ಶ್ವವಾಯು ಬಡಿದವರ ಮಾತು ಅದು, ಶಬ್ದಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಬರುತ್ತಿದ್ದವು. ನಿನ್ನ ಆಪರೇಷನ್ ಆದ ಮೇಲೆ ನಾನು ರಜೆ ಹಾಕಿ ಬಂದು ನಿನ್ನ ತುಟಿ ನೋಡುತ್ತ ಕೂತಿದ್ದೆನಲ್ಲ, ಆ ಅಭ್ಯಾಸ ಇಲ್ಲಿ ಒದಗಿಬಂತು. ಬಾಯಿಗಿಂತ ಕಣ್ಣು, ಕೆನ್ನೆ ಹೆಚ್ಚು ಮಾತಾಡುತ್ತವೆ ಎಂದು ನನಗೆ ಗೊತ್ತಿತ್ತು. ಆವತ್ತಿನಿಂದ ಅವರ ಮಾತನ್ನು ಅವರ ದೇಶದವರಿಗೇ ಬಿಡಿಸಿ ಹೇಳುವ ಕೆಲಸ ನನಗೆ ಬಂತು. ಎಲ್ಲರೂ ಅವರನ್ನು ಕಂತೊಕು ಎನ್ನುತ್ತಿದ್ದರು, ನಿರ್ದೇಶಕರಿಗೆ ಜಪಾನಿನಲ್ಲಿ ಹಾಗೆ ಹೇಳುತ್ತಾರೆ. ನಾನು ಬಾಯಲ್ಲಿ ಹಾಗೆ ಕರೆದರೂ ಮನಸ್ಸಿನಲ್ಲಿ ಅಜ್ಜ ಎಂದೇ ಕರೆಯುತ್ತಿದ್ದೆ.

ಸಿನಿಮಾದವರ ಕೆಲಸದಲ್ಲಿ ಮುಕ್ಕಾಲು ಪಾಲು ಕಾಯುವುದೇ, ಅಣ್ಣಾ. ಬಿಸಿಲು ಬರಲಿ ಎಂದು, ಬಿಸಿಲು ಹೋಗಲಿ ಎಂದು, ಮಂಜು ಕರಗಲಿ ಎಂದು. ಹಾಗೆ ಕಾಯುವಾಗ ಬಸ್ಸಿನ ಮೆಟ್ಟಿಲ ಮೇಲೆ ಕೂತು ಅಜ್ಜ ತಮ್ಮ ಕಥೆ ಹೇಳುತ್ತಿದ್ದರು. ಜಪಾನಿನ ಪಶ್ಚಿಮ ಕರಾವಳಿಯ ಒಂದು ಸಣ್ಣ ಮೀನುಗಾರಿಕೆ ಬಂದರು ಅವರ ಊರು. ತಂದೆ ಬೇಗ ತೀರಿಹೋದರು. ತಾಯಿ ಊರಿನ ಒಂದೇ ಒಂದು ಚಿತ್ರಮಂದಿರದ ಬಾಗಿಲಲ್ಲಿ ಸುಟ್ಟ ಗೆಣಸು ಮಾರುತ್ತಿದ್ದರು. ಹದಿನೇಳಕ್ಕೆ ಮನೆ ಬಿಟ್ಟು ಕ್ಯೋಟೋಕ್ಕೆ ಹೋಗಿ ಒಂದು ಸ್ಟುಡಿಯೋ ಸೇರಿದರು. ಆಗ ಅಲ್ಲಿ ಕತ್ತಿವರಸೆಯ ಚಿತ್ರಗಳ ಕಾಲ. ನಾಯಕ ಕತ್ತಿ ಬೀಸಿದಾಗ ಸಾಲಾಗಿ ಉರುಳುವವರು ಬೇಕಲ್ಲ, ಅವರಲ್ಲಿ ಇವರೂ ಒಬ್ಬರು. ಸೇತುವೆಯಿಂದ ಬಿದ್ದು ಸತ್ತರು, ಛಾವಣಿಯಿಂದ ಜಾರಿ ಸತ್ತರು, ಮಂಜಿನಲ್ಲಿ ಮುಖ ಹೂತು ಸತ್ತರು. ಪೆಟ್ಟಾಗದಂತೆ ಬೀಳುವುದು ಸುಲಭ, ಪೆಟ್ಟಾದಂತೆ ಕಾಣಿಸುವುದು ಕಷ್ಟ ಎನ್ನುತ್ತಿದ್ದರು. ಮಗ ಸಿನಿಮಾದಲ್ಲಿ ಇದ್ದಾನೆಂದು ಮಂದಿರದ ಮಾಲೀಕ ಆ ತಾಯಿಯನ್ನು ಪುಕ್ಕಟೆ ಒಳಗೆ ಬಿಡುತ್ತಿದ್ದನಂತೆ. ಮಗ ಸತ್ತ ಕೂಡಲೇ ಅವರು ಎದ್ದು ಹೊರಗೆ ಬಂದು ಗೆಣಸಿನ ಒಲೆ ಹೊತ್ತಿಸುತ್ತಿದ್ದರು. ವರ್ಷಗಟ್ಟಲೆ ಸಿನಿಮಾ ನೋಡಿದರೂ ಒಂದು ಚಿತ್ರದ ಕೊನೆಯನ್ನೂ ಅವರು ನೋಡಿರಲಿಲ್ಲ. ಇದನ್ನು ಹೇಳುವಾಗ ಅಜ್ಜ ನಕ್ಕರು, ನನಗೆ ನಗಲಾಗಲಿಲ್ಲ.

ಮೂವತ್ತು ದಾಟಿದ ಮೇಲೆ ಒಂದು ದಿನ ಅವರು ಹೆಣವಾಗಿ ಮಲಗಿದ್ದರಂತೆ. ಪಕ್ಕದಲ್ಲಿ ದೊಡ್ಡ ನಟಿಯೊಬ್ಬಳು ಅಳುವ ದೃಶ್ಯ. ನಿರ್ದೇಶಕರು ನಡುವೆ ನಿಲ್ಲಿಸಿ ಬೈದರು: "ಏಯ್ ಹೆಣ, ಮುಖ ಆಚೆ ತಿರುಗಿಸು. ಎಲ್ಲರೂ ನಿನ್ನನ್ನೇ ನೋಡುತ್ತಿದ್ದಾರೆ, ಅಳುವವಳನ್ನು ಯಾರೂ ನೋಡುತ್ತಿಲ್ಲ." ಕೆಲಸದಿಂದ ತೆಗೆದೇಬಿಡುತ್ತಾರೆ ಎಂದು ಇವರು ಮನೆಗೆ ಹೋಗಿ ಪೆಟ್ಟಿಗೆ ಕಟ್ಟಿದರು. ಮರುವಾರ ಅದೇ ನಿರ್ದೇಶಕರು ಕರೆಸಿ ಮುಂದಿನ ಚಿತ್ರದ ಮುಖ್ಯ ಪಾತ್ರ ಕೊಟ್ಟರು, ಬೆಟ್ಟದ ಊರಿನ ಅಂಚೆಯವನ ಪಾತ್ರ. ಕತ್ತಿಯಿಲ್ಲ, ಸಾವಿಲ್ಲ. ಆ ಚಿತ್ರ ಊರಿಗೆ ಬಂದಾಗ ತಾಯಿ ಕೂತೇ ಇದ್ದರು, ಕೂತೇ ಇದ್ದರು, ದೀಪಗಳು ಹತ್ತಿದ ಮೇಲೂ ಏಳಲಿಲ್ಲವಂತೆ. ಮಾಲೀಕ ಬಂದು ಹೇಳಬೇಕಾಯಿತು: "ಮುಗಿಯಿತಮ್ಮ, ನಿನ್ನ ಮಗ ಬದುಕಿದ್ದಾನೆ." ಅಲ್ಲಿಂದ ಮುಂದೆ ಹತ್ತು ವರ್ಷ ಇಸಾಮು ಕುರೊತಾನಿ ಎಂದರೆ ಜಪಾನಿನ ಮನೆಮನೆಯ ಹೆಸರು.

ಆಮೇಲೆ ತಾವೇ ಚಿತ್ರ ತೆಗೆಯಲು ಹೊರಟರು. ಮೊದಲನೆಯದು ಬಿದ್ದುಹೋಯಿತು. ಬಿಡುಗಡೆಯ ದಿನ ಟಿಕೆಟ್ ಕೊಂಡು ಒಳಗೆ ಹೋದರೆ ಒಬ್ಬ ಮುದುಕ ನಿದ್ದೆ ಮಾಡುತ್ತಿದ್ದ, ಎದ್ದವನು ಇವರನ್ನೇ "ಮುಗಿಯಿತೋ?" ಎಂದು ಕೇಳಿದ. ಎರಡನೆಯದನ್ನು ತಮ್ಮ ಊರಿನ ಬಂದರಿನಲ್ಲಿ, ಮೀನು ಕೊಯ್ಯುವ ಹೆಂಗಸರನ್ನೇ ಹಾಕಿಕೊಂಡು ತೆಗೆದರು. ಅದು ದೇಶದೇಶ ಸುತ್ತಿತು. ಮುಂದೆ ಒಂದು ಚಿತ್ರವನ್ನು ಸಂಕಲನ ಮಾಡುವಾಗ, ಎಲ್ಲ ದೃಶ್ಯಗಳಲ್ಲೂ ಒಳ್ಳೆಯ ಬೆಳಕೆಲ್ಲ ತಮ್ಮ ಮುಖದ ಮೇಲೇ ಬಿದ್ದಿರುವುದನ್ನೂ, ಜೊತೆಗೆ ನಟಿಸಿದ ಹೊಸ ಹುಡುಗಿ ಕತ್ತಲಲ್ಲಿ ನಿಂತಿರುವುದನ್ನೂ ಕಂಡರಂತೆ. ನಾಚಿಕೆಯಾಯಿತು. ಆವತ್ತೇ ನಟನೆ ಬಿಟ್ಟರು. ಸುಮಾರು ಮೂವತ್ತು ವರ್ಷ ಕ್ಯಾಮೆರಾದ ಹಿಂದೆಯೇ ಉಳಿದರು.

ಎಪ್ಪತ್ತೊಂದಕ್ಕೆ ಪಾರ್ಶ್ವವಾಯು. ಬಲಗೈ ಹೋಯಿತು, ಮಾತು ಕೆಟ್ಟಿತು. ನಿರ್ಮಾಪಕರು ಹಣ್ಣಿನ ಬುಟ್ಟಿ ಕಳಿಸಿದರು, ಆಮೇಲೆ ಫೋನು ನಿಲ್ಲಿಸಿದರು. ಕೆಲವು ವರ್ಷ ಕಳೆದ ಮೇಲೆ ಹಳೆಯ ಸ್ಟುಡಿಯೋದವರು ಒಂದು ದೊಡ್ಡ ಸನ್ಮಾನ ಇಟ್ಟರಂತೆ. ಹೂವು, ಭಾಷಣ, ಹಳೆಯ ಚಿತ್ರಗಳ ತುಣುಕು. ಒಬ್ಬೊಬ್ಬರೂ ಎದ್ದು ಎಂಥ ನಟರಾಗಿದ್ದರು, ಎಂಥ ನಿರ್ದೇಶಕರಾಗಿದ್ದರು ಎಂದು ಹೇಳುತ್ತ ಹೋದರು. ಅಜ್ಜ ಎದುರಿಗೇ ಕೂತು ಕೇಳುತ್ತಿದ್ದಾರೆ. "ನನ್ನ ಶವಸಂಸ್ಕಾರಕ್ಕೆ ನಾನೇ ಕೋಟು ಹಾಕಿಕೊಂಡು ಬಂದಂತಿತ್ತು" ಎಂದರು ನನ್ನ ಹತ್ತಿರ. ಶೌಚಾಲಯಕ್ಕೆ ಹೋಗುವವರಂತೆ ಎದ್ದು, ಹಿಂಬಾಗಿಲಿಂದ ಹೊರಬಿದ್ದು, ಟ್ಯಾಕ್ಸಿ ಹಿಡಿದು ಮನೆಗೆ ಹೋದರು. ಸನ್ಮಾನದ ಹೂಗುಚ್ಛ ಅಲ್ಲೇ ಉಳಿಯಿತು. ದಾರಿಯಲ್ಲೇ ಅವರಿಗೆ ಹೊಸ ಚಿತ್ರದ ಕಥೆ ಹೊಳೆದದ್ದು.

ಅದು ಅವರ ಬಾಲ್ಯದ ಗೆಳೆಯನ ಕಥೆ. ಆ ಗೆಳೆಯ ತೊಂಬತ್ತರ ದಶಕದಲ್ಲಿ ರಾಸ್ ಲಫ್ಫಾನ್‌ನಲ್ಲಿ ವೆಲ್ಡರ್ ಆಗಿದ್ದ. ದಿನಾ ಬೆಳಿಗ್ಗೆ ಅಲ್ ಖೋರಿನಿಂದ ಕಂಪನಿ ಬಸ್ಸು. ಡ್ರೈವರ್ ಯಾವ ದೇಶದವನೋ ತಿಳಿಯದು, ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು, ಆದರೂ ಡ್ರೈವರ್ ತನ್ನ ಬೆನ್ನ ಹಿಂದಿನ ಸೀಟನ್ನು ಈ ಮನುಷ್ಯನಿಗೆ ಕಾದಿರಿಸುತ್ತಿದ್ದ. ಊರಿಗೆ ಮರಳಿದ ಮೇಲೂ ಗೆಳೆಯ ಸಾಯುವವರೆಗೆ ಅದೇ ಡ್ರೈವರನ ಮಾತು ಆಡುತ್ತಿದ್ದನಂತೆ. ಚಿತ್ರದಲ್ಲಿ ಮುದುಕನಾದ ವೆಲ್ಡರ್ ಆ ಡ್ರೈವರನ್ನು ಹುಡುಕಿಕೊಂಡು ಇಲ್ಲಿಗೆ ಬರುತ್ತಾನೆ. ಅಷ್ಟೇ ಕಥೆ. ನಿನಗೆ ಇದು ಕಥೆಯೇ ಎನಿಸಬಹುದು, ಆದರೆ ಇಲ್ಲಿ ಬದುಕುವ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ವೆಲ್ಡರನ ಪಾತ್ರಕ್ಕೆ ಟೋಕಿಯೋದಿಂದ ಒಬ್ಬ ಹೆಸರಾಂತ ನಟ ಬಂದಿದ್ದರು. ಡ್ರೈವರನ ಪಾತ್ರಕ್ಕೆ ಅಜ್ಜ ನಮ್ಮ ಕಂಪನಿಯ ಡ್ರೈವರುಗಳನ್ನೆಲ್ಲ ನೋಡಿ ಶರೀಫಾಕನನ್ನು ಆರಿಸಿದರು. ಶರೀಫಾಕ ವಿಟ್ಲದವರು, ಬ್ಯಾರಿ, ಇಲ್ಲಿ ಬಸ್ಸು ಬಿಡುತ್ತ ಗಡ್ಡ ಬೆಳ್ಳಗಾಗಿದೆ. "ನಂಗೆ ಆಕ್ಟಿಂಗ್ ಎಲ್ಲ ಗೊತ್ತಿಲ್ಲ ಬಾಯಮ್ಮ. ಬಸ್ ಬಿಡ್ಲಿಕ್ಕೆ ಮಾತ್ರ ಗೊತ್ತು" ಎಂದರು ನನ್ನ ಹತ್ತಿರ. ನಾನು ಅದನ್ನೇ ಅನುವಾದಿಸಿದೆ. ಅಜ್ಜ, "ಅವರು ಬಸ್ಸೇ ಬಿಡಲಿ, ನಟಿಸುವುದು ಕಂಡರೆ ನಾನೇ ನಿಲ್ಲಿಸುತ್ತೇನೆ" ಎಂದರು.

ಮೂರನೆಯ ವಾರ ಗಂಡಾಂತರ ಬಂತು. ಆ ಹೆಸರಾಂತ ನಟರಿಗೆ ಅಜ್ಜನ ಮಾತು ತಿಳಿಯದೆ ಮೊದಲಿನಿಂದಲೂ ಕಿರಿಕಿರಿ. ಪ್ರತಿ ಸೂಚನೆಯೂ ನನ್ನ ಮೂಲಕ ಹೋಗಬೇಕು. ಒಂದು ಬೆಳಿಗ್ಗೆ ಬಸ್ಸಿನಲ್ಲಿ ಅವರು ಎಲ್ಲರ ಮುಂದೆಯೇ, "ಈ ಚಿತ್ರ ಮುಗಿಯುವುದಿಲ್ಲ, ಮುಗಿಸುವ ಶಕ್ತಿ ಇವರಿಗಿಲ್ಲ" ಎಂದರು. ಸಂಜೆಯ ವಿಮಾನಕ್ಕೆ ಹೊರಟೇ ಹೋದರು. ಮರುದಿನ ಟೋಕಿಯೋದ ನಿರ್ಮಾಪಕರಿಂದ ಸಂದೇಶ: ನಿಲ್ಲಿಸಿ, ಎಲ್ಲರೂ ವಾಪಸು ಬನ್ನಿ. ಗೆಸ್ಟ್ ಹೌಸಿನ ಊಟದ ಕೋಣೆಯಲ್ಲಿ ಮಿದೋರಿ ಅದನ್ನು ಓದಿ ಹೇಳಿದಳು, ಓದುತ್ತ ಅತ್ತಳು. ಕ್ಯಾಮೆರಾದವರು, ಧ್ವನಿಯವರು ಎಲ್ಲ ತಲೆ ತಗ್ಗಿಸಿ ಕೂತಿದ್ದರು. ಅಜ್ಜ ಎಡಗೈಯಲ್ಲಿ ಚಮಚ ಹಿಡಿದು ಅನ್ನ ತಿನ್ನುತ್ತಿದ್ದರು. ತಟ್ಟೆ ಖಾಲಿಯಾದ ಮೇಲೆ ಏನೋ ಹೇಳಿದರು. ಎಲ್ಲರೂ ನನ್ನ ಕಡೆ ನೋಡಿದರು.

"ವೆಲ್ಡರನ ಕೋಟನ್ನು ಚಿಕ್ಕದು ಮಾಡಿಸಬೇಕಂತೆ" ಎಂದೆ.

"ಯಾರ ಅಳತೆಗೆ?" ಎಂದಳು ಮಿದೋರಿ.

"ನನ್ನ ಅಳತೆಗೆ" ಎಂದರು ಅಜ್ಜ. ಅದನ್ನು ನಾನು ಅನುವಾದಿಸಬೇಕಾಗಲಿಲ್ಲ, ಅಷ್ಟು ಸ್ಪಷ್ಟವಾಗಿ ಬಂತು.

ಮಿದೋರಿ ಕಣ್ಣೊರೆಸಿಕೊಂಡು ಎದ್ದಳು. ಟೋಕಿಯೋಕ್ಕೆ ಫೋನು ಮಾಡಿ, ಮರುಭೂಮಿಯಲ್ಲಿ ನೆಟ್‌ವರ್ಕ್ ಸರಿಯಿಲ್ಲ, ಸಂದೇಶ ಪೂರ್ತಿ ಬಂದಿಲ್ಲ ಎಂದು ಹೇಳಿ, ಚಿತ್ರೀಕರಣ ಮುಗಿಯುವವರೆಗೆ ಆ ಫೋನನ್ನು ಆರಿಸಿಟ್ಟಳು. ಕತಾರಿನಲ್ಲಿ ನೆಟ್‌ವರ್ಕ್ ಇಲ್ಲ ಎಂದರೆ ಇಲ್ಲಿಯವರು ಯಾರೂ ನಂಬುವುದಿಲ್ಲ, ಪುಣ್ಯಕ್ಕೆ ಟೋಕಿಯೋದವರು ನಂಬಿದರು. ಕೋಟನ್ನು ಅಲ್ ಖೋರಿನ ದರ್ಜಿಯೊಬ್ಬ ಒಂದೇ ದಿನದಲ್ಲಿ ಕತ್ತರಿಸಿ ಹೊಲಿದುಕೊಟ್ಟ.

ತೆಗೆದದ್ದನ್ನೆಲ್ಲ ಮತ್ತೆ ಮೊದಲಿನಿಂದ ತೆಗೆದರು. ಮೂವತ್ತು ವರ್ಷದ ಮೇಲೆ ಕ್ಯಾಮೆರಾದ ಮುಂದೆ ಕೂತ ಅಜ್ಜ ಮೊದಲ ದಿನ ನಡುಗುತ್ತಿದ್ದುದನ್ನು ನಾನು ಕಂಡಿದ್ದೇನೆ. ಕಾಯಿಲೆಯ ನಡುಕವಲ್ಲ, ಪರದೆ ಏಳುವ ಮುಂಚೆ ನಿನಗೆ ಬರುತ್ತಿತ್ತಲ್ಲ, ಅದು. ಮಾತಿನ ಬಹುಪಾಲನ್ನು ತಾವೇ ಹೊಡೆದುಹಾಕಿದರು. ಉಳಿದದ್ದು ಕೆಲವೇ ವಾಕ್ಯ. ಸೀಟಿನ ಕಂಬಿಯನ್ನು ಎಡಗೈಯಿಂದ ಮುಟ್ಟಿ ನೋಡುವುದು, ಕಿಟಕಿಯ ಮಂಜನ್ನು ಒರೆಸುವುದು, ಇಂಥವುಗಳಲ್ಲೇ ಎಲ್ಲ ಹೇಳಿಬಿಡುತ್ತಿದ್ದರು. ಧ್ವನಿಯವನು ಕಿವಿಯಿಂದ ಹೆಡ್‌ಫೋನ್ ತೆಗೆದು ಸುಮ್ಮನೆ ನೋಡುತ್ತ ನಿಂತದ್ದು ನೆನಪಿದೆ.

ಕೊನೆಯ ದೃಶ್ಯದ ದಿನ. ಸೂರ್ಯ ಆಗಷ್ಟೇ ಮೇಲೆ ಬರುತ್ತಿದ್ದ, ರಸ್ತೆಯ ಮೇಲೆ ಮಂಜು. ಓಡುವ ಬಸ್ಸಿನಲ್ಲಿ ಮುದುಕ ಕೊನೆಯ ಸೀಟಿನಿಂದ ಎದ್ದು, ಉದ್ದಕ್ಕೂ ನಡೆದು ಮುಂದೆ ಬಂದು, ಡ್ರೈವರನ ಹಿಂದಿನ ಸೀಟು ತೋರಿಸಿ, "ಇಲ್ಲಿ ನಾನು ಕೂರುತ್ತಿದ್ದೆ" ಎನ್ನಬೇಕು. ಕೋಲು ಬೇಡ ಎಂದರು ಅಜ್ಜ. ನಾನು ಬೇಡಿಕೊಂಡೆ, ಮಿದೋರಿ ಬೇಡಿಕೊಂಡಳು, ಕೇಳಲಿಲ್ಲ. ಬಸ್ಸು ಹೊರಟಿತು. ನಾನು ಮಧ್ಯದ ಸೀಟಿನ ಕೆಳಗೆ ಮುದುಡಿ ಕೂತಿದ್ದೆ, ಕ್ಯಾಮೆರಾಕ್ಕೆ ಕಾಣಬಾರದೆಂದು. ಅಜ್ಜ ಎದ್ದರು, ಕಂಬಿ ಹಿಡಿದು ಹಿಡಿದು ಬಂದರು. ನನ್ನನ್ನು ದಾಟಿ ಇನ್ನೇನು ಮುಂದೆ ಹೋಗಬೇಕು, ಬಲಗಾಲು ಕೈಕೊಟ್ಟಿತು, ಇಡೀ ಮೈ ಧಡ್ಡನೆ ಕೆಳಗೆ ಬಿತ್ತು. ಅದು ನಟನೆಯಲ್ಲ, ತಲೆ ಸೀಟಿನ ಅಂಚಿಗೆ ತಾಗಿದ ಸದ್ದು ನನಗೆ ಕೇಳಿಸಿತು. ನಾನು ಏಳಹೊರಟೆ, ಮಿದೋರಿ ಓಡಿಬರಹೊರಟಳು. ಬಿದ್ದಲ್ಲಿಂದಲೇ ಅಜ್ಜ ಎಡಗೈ ಎತ್ತಿ ಅಂಗೈ ತೋರಿಸಿದರು, ಯಾರೂ ಬರಬೇಡಿ ಎಂದು. ಕ್ಯಾಮೆರಾದವನು ಅಳುತ್ತಲೇ ಕ್ಯಾಮೆರಾ ಓಡಿಸಿದ. ಅಜ್ಜ ಮೊಣಕೈ ಊರಿದರು, ಮಂಡಿ ಊರಿದರು, ಕಂಬಿ ಸಿಕ್ಕಿತು, ಎದ್ದು ನಿಂತರು. ಹಣೆಯ ಮೇಲೆ ರಕ್ತ ತೆಳ್ಳಗೆ ಇಳಿಯುತ್ತಿತ್ತು. ಶರೀಫಾಕನಿಗೆ ಕ್ಯಾಮೆರಾ, ಚಿತ್ರ ಎಲ್ಲ ಮರೆತುಹೋಗಿತ್ತು. ಕನ್ನಡಿಯಲ್ಲಿ ನೋಡಿದವರು ಬಸ್ಸನ್ನು ನಿಧಾನ ಮಾಡಿ, ತಿರುಗದೆಯೇ ಹೇಳಿದರು:

"ಹಿಡ್ಕೊಳ್ಳಿ ಮಾರಾಯ್ರೆ. ಗಡಿಬಿಡಿ ಎಂತದು? ಸೀಟ್ ಅಲ್ಲೇ ಉಂಟಲ್ಲ."

ಅಜ್ಜನಿಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಆ ಸೀಟಿನಲ್ಲಿ ಕೂತರು, ಡ್ರೈವರನ ಬೆನ್ನು ನೋಡಿದರು, ಹೇಳಬೇಕಾಗಿದ್ದ ವಾಕ್ಯವನ್ನು ಹೇಳಲೇ ಇಲ್ಲ. ನಕ್ಕರು. ಬಾಯಿಯ ಒಂದೇ ಪಕ್ಕ ನಗುತ್ತದೆ ಅವರದು, ಇಡೀ ಮುಖ ಬೆಳಗಾದ ಹಾಗೆ. ಬಸ್ಸು ನಿಂತ ಮೇಲೆ ಹಣೆಗೆ ಪಟ್ಟಿ ಹಾಕಿಸಿಕೊಳ್ಳುತ್ತ, "ಚಾಲಕರು ಏನಂದರು?" ಎಂದು ಕೇಳಿದರು. ಹೇಳಿದೆ. "ಮಾರಾಯ್ರೆ ಎಂದರೆ?" ಅಣ್ಣಾ, ಇಷ್ಟು ವರ್ಷ ದುಭಾಷಿಯಾಗಿದ್ದೇನೆ, ಮಾರಾಯ್ರೆ ಎಂಬ ಮಾತನ್ನು ಜಪಾನೀ ಭಾಷೆಗೆ ಹೇಗೆ ತರಲಿ? ಸಿಟ್ಟಿಗೂ ಅದೇ, ಪ್ರೀತಿಗೂ ಅದೇ, ಗುರುತಿಲ್ಲದವರಿಗೂ ಅದೇ ಎಂದೆ. ಅವರು ತಲೆಯಾಡಿಸಿ, "ಹಾಗಾದರೆ ಅದನ್ನು ಅನುವಾದಿಸಬೇಡಿ, ಹಾಗೇ ಇರಲಿ" ಎಂದರು. ಶರೀಫಾಕ ಮಾತ್ರ ಪೆಚ್ಚಾಗಿ ಬಂದು, "ನಾನು ಹಾಳು ಮಾಡಿದ್ನಾ ಬಾಯಮ್ಮ? ಬೇಕಾದ್ರೆ ಇನ್ನೊಮ್ಮೆ ಬಿಡ್ವ" ಎಂದರು. ಇನ್ನೊಮ್ಮೆ ತೆಗೆಯಲಿಲ್ಲ. ಅದೇ ಚಿತ್ರದ ಕೊನೆ.

ಆಮೇಲಿನದ್ದನ್ನು ಬೇಗ ಹೇಳುತ್ತೇನೆ, ಝಕರಿಯಾ ಬರುವ ಹೊತ್ತಾಯಿತು. ಸೆಪ್ಟೆಂಬರಿನಲ್ಲಿ ಯುರೋಪಿನ ಒಂದು ಚಿತ್ರೋತ್ಸವದಲ್ಲಿ ಈ ಚಿತ್ರಕ್ಕೆ ಪ್ರಶಸ್ತಿ ಬಂತು. ನಿರ್ದೇಶನಕ್ಕಲ್ಲ, ನಟನೆಗೆ. ಹರೆಯದಲ್ಲಿ ಅಷ್ಟು ಹೆಸರು ಮಾಡಿದಾಗಲೂ ನಟನೆಗೆ ಸಿಗದಿದ್ದ ಪ್ರಶಸ್ತಿ ಎಪ್ಪತ್ತೆಂಟಕ್ಕೆ ಸಿಕ್ಕಿತು. ಜಪಾನಿನಲ್ಲಿ ಚಿತ್ರಮಂದಿರಗಳು ತುಂಬಿದವು. ನಿಲ್ಲಿಸಿ ಎಂದಿದ್ದ ನಿರ್ಮಾಪಕರು ಹೂಗುಚ್ಛ ಹಿಡಿದು ಮನೆಗೆ ಬಂದರಂತೆ, ಅಜ್ಜ ಅವರಿಗೆ ಚಹಾ ಕೊಟ್ಟು ಕಳಿಸಿದರಂತೆ. ಇಲ್ಲಿಯ ಪ್ರದರ್ಶನಕ್ಕೆ ಅಜ್ಜ ಒಂದೇ ಷರತ್ತು ಹಾಕಿದ್ದು: ಬಸ್ಸಿನವರು ಮುಂದೆ ಕೂರಬೇಕು. ಹಾಗಾಗಿ ನಿನ್ನೆ ಮುಂದಿನ ಸಾಲುಗಳಲ್ಲಿ ಬರ್ವಾ ಅಲ್ ಬರಾಹಾದ ಕಾರ್ಮಿಕರ ವಸತಿಯಲ್ಲಿರುವ ಡ್ರೈವರುಗಳು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದರು, ಹಿಂದೆ ದೊಡ್ಡ ಅಧಿಕಾರಿಗಳು. ಶರೀಫಾಕ ಪರದೆಯ ಮೇಲೆ "ಹಿಡ್ಕೊಳ್ಳಿ ಮಾರಾಯ್ರೆ" ಎಂದಾಗ ನಮ್ಮ ಉಡುಪಿ, ಮಂಗಳೂರಿನವರೆಲ್ಲ ಶಿಳ್ಳೆ ಹೊಡೆದರು. ಏನೆಂದು ತಿಳಿಯದೆ ಜಪಾನಿನವರೂ ಚಪ್ಪಾಳೆ ಹೊಡೆದರು.

ದೀಪ ಹತ್ತಿದ ಮೇಲೆ ಅಜ್ಜ ವೇದಿಕೆ ಹತ್ತಿದರು. ನಾನು ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ ಹೇಳತೊಡಗಿದೆ. ಅವರು ತಡೆದು, "ಮೊದಲು ಚಾಲಕರ ಭಾಷೆಯಲ್ಲಿ ಹೇಳಿ" ಎಂದರು. ದೋಹಾದ ಅಷ್ಟು ದೊಡ್ಡ ಸಭೆಯಲ್ಲಿ, ಮೈಕಿನ ಮುಂದೆ, ನಾನು ಕನ್ನಡದಲ್ಲಿ ಮಾತಾಡಿದೆ. ಮಾತು ಎಲ್ಲೂ ತಡವರಿಸಲಿಲ್ಲ. ಅಜ್ಜ ಶರೀಫಾಕನನ್ನು ಮೇಲೆ ಕರೆದು, "ಇವರು ನನ್ನ ಸಹನಟ. ನನಗಿಂತ ಚೆನ್ನಾಗಿ ಮಾತಾಡಿದ್ದಾರೆ" ಎಂದರು. ಆಮೇಲೆ, ಮಿದೋರಿಗೂ ಮುಂಚಿತವಾಗಿ ಹೇಳದೆ, "ಮುಂದಿನ ಚಿತ್ರ ಮಾರ್ಚಿನಲ್ಲಿ ಶುರು" ಎಂದುಬಿಟ್ಟರು. ಅದನ್ನು ಕನ್ನಡದಲ್ಲಿ ಹೇಳಿ, ಇಂಗ್ಲಿಷಿನಲ್ಲಿ ಹೇಳಿ ನಾನು ಕೆಳಗೆ ನೋಡಿದರೆ, ಮಿದೋರಿ ಎರಡೂ ಕೈಯಿಂದ ತಲೆ ಹಿಡಿದುಕೊಂಡು ನಗುತ್ತಿದ್ದಳು. ಸಭೆ ಮತ್ತೆ ಎದ್ದು ನಿಂತಿತು. ಇಷ್ಟು ವರ್ಷ ಇಲ್ಲಿ ದುಡಿದಿದ್ದೇನೆ, ನಿನ್ನೆಯಷ್ಟು ಹೆಮ್ಮೆಯಿಂದ ಮನೆಗೆ ಹೋದ ನೆನಪಿಲ್ಲ.

ಅತ್ತಿಗೆಗೆ ನನ್ನ ನಮಸ್ಕಾರ. ಡಬ್ಬಿಯಲ್ಲಿ ಖರ್ಜೂರದ ಕೆಳಗೆ ನಿನ್ನ ಮುಲಾಮು ಇದೆ, ಹತ್ತಿಯಲ್ಲಿ ಸುತ್ತಿದ್ದೇನೆ, ಬರೀ ಹತ್ತಿಯೆಂದು ಅತ್ತಿಗೆ ಎಸೆದುಬಿಡದಂತೆ ನೋಡಿಕೋ. ಆಂಟನಿಯೂ ಶರಲ್ಲೂ ನಿನ್ನನ್ನು ಬಹಳ ನೆನೆಯುತ್ತಾರೆ. ಇವತ್ತಿನ ಪೂಜೆಯಲ್ಲಿ ನಿನ್ನ ಹೆಸರು ಹೇಳಿ ಪ್ರಾರ್ಥಿಸಿದ್ದೇನೆ, ಕ್ರಿಸ್ಮಸ್ಸಿಗೆ ನೀನು ಹೊಸ ಅಂಗಿ ತೊಟ್ಟು ಮುಂದಿನ ಬೆಂಚಿನಲ್ಲಿ ಕೂರಬೇಕು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಪ್ರೀತಿಯ ತಂಗಿ,
ಸ್ಟೆಲ್ಲಾ

ತಾ.ಕ.: ಝಕರಿಯಾ ಕೆಳಗೆ ಬಂದು ಹಾರ್ನ್ ಹಾಕುತ್ತಿದ್ದಾನೆ. ಹೇಳಲು ಧೈರ್ಯ ಸಾಲದೆ ಕೊನೆಗೆ ಇಟ್ಟದ್ದು ಇದು. ಚಿತ್ರೀಕರಣದ ಸಮಯದಲ್ಲಿ ಕಾಯುತ್ತ ಕೂತಾಗ, ನಿನ್ನ ಅಂಬಿಗನ ಪಾತ್ರದ ಹಳೆಯ ವಿಡಿಯೋವನ್ನು ಅಜ್ಜನಿಗೆ ಫೋನಿನಲ್ಲಿ ತೋರಿಸಿದ್ದೆ. ದೋಣಿ ಮುಳುಗಿದ ಮೇಲೆ ನೀನು ಮಾತಿಲ್ಲದೆ ನಿಲ್ಲುತ್ತೀಯಲ್ಲ, ಅಲ್ಲಿ ಮತ್ತೆ ಮತ್ತೆ ನಿಲ್ಲಿಸಿ ನೋಡಿದರು. ಈಗ ಏನು ಮಾಡುತ್ತಾರೆ ಎಂದು ಕೇಳಿದರು. ಗಂಟಲ ಆಪರೇಷನ್ನಿನಲ್ಲಿ ದನಿ ಹೋಯಿತು ಎಂದೆ. "ದನಿಯ ವಿಷಯ ಕೇಳಲಿಲ್ಲ, ಏನು ಮಾಡುತ್ತಾರೆ ಎಂದು ಕೇಳಿದೆ" ಎಂದರು. ನಿನ್ನೆ ವೇದಿಕೆಯಿಂದ ಇಳಿಯುವಾಗ ಕೈ ಹಿಡಿದು ಹೇಳಿದರು: ಮಾರ್ಚಿನ ಚಿತ್ರ ಅವರ ಊರಿನ ಬಂದರಿನಲ್ಲಿ, ಒಡೆದ ಹಡಗಿನಿಂದ ದಡ ಸೇರಿದ ಪರದೇಶಿ ನಾವಿಕನ ಕಥೆ. ಅವನು ಚಿತ್ರದುದ್ದಕ್ಕೂ ಮಾತಾಡುವುದಿಲ್ಲ. ಆ ಪಾತ್ರ ನಿನಗೆ. ನೀರಿಗಿಳಿಯುವ ದೃಶ್ಯ ನಿನಗಿಲ್ಲ, ಕುತ್ತಿಗೆಯ ಬಟ್ಟೆ ಹಾಗೇ ಇರಲಿ ಎಂದಿದ್ದಾರೆ. ನಿನ್ನ ಡಾಕ್ಟರ ಹತ್ತಿರ ಮಿದೋರಿ ತಾನೇ ಮಾತಾಡುತ್ತಾಳೆ, ದುಭಾಷಿಯಾಗಿ ನಾನು ಜೊತೆಗಿರುತ್ತೇನೆ, ಆಂಟನಿ ಒಪ್ಪಿದ್ದಾರೆ. ನಿನ್ನನ್ನು ಕೇಳದೆ ನಾನು ಹೂಂ ಎಂದುಬಿಟ್ಟೆ. ಪಾಸ್‌ಪೋರ್ಟ್ ಅವಧಿ ನೋಡಿಕೋ. ಇವತ್ತಿನಿಂದ ಗಡ್ಡ ಬೋಳಿಸಬಾರದಂತೆ.